ಗೋಡೆಯೊಳಗಿನ ಬಿಲ್ಲು

ಗೋಡೆಗೆ ಕಿವಿಯುಂಟೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಗೋಡೆಗೆ ತೋಳುಗಳೂ ಉಂಟೆಂದರೆ ನಂಬುವವರು ಕಡಮೆ. ಬಾಗಿಲಿನ ಮೇಲೆ ಒಂದು ತೊಲೆ. ಆ ತೊಲೆಯ ಮೇಲೆ ಇಟ್ಟಿಗೆಯ ಗೋಡೆ. ಗೋಡೆಯ ಭಾರವನ್ನೆಲ್ಲ ತೊಲೆ ಹೊತ್ತಿದೆ, ತೊಲೆಯನ್ನು ಇಕ್ಕೆಲದ ಕಂಬಗಳು ಹೊತ್ತಿವೆ. ನೋಡಿದವರಿಗೆಲ್ಲ ತೋರುವುದು ಹೀಗೆಯೇ. ಹಮಾಲಿಯ ತಲೆಯ ಮೇಲಿನ ಮೂಟೆಯಂತೆ ಗೋಡೆಯೂ ತೊಲೆಯ ಮೇಲೆ ಕುಳಿತಿದೆಯೆಂದು ಭಾವಿಸುತ್ತೇವೆ. ಆದರೆ ಮೂಟೆಗೂ ಗೋಡೆಗೂ ಒಂದು ವ್ಯತ್ಯಾಸವುಂಟು. ಮೂಟೆ ತನ್ನನ್ನು ತಾನು ಹೊತ್ತುಕೊಳ್ಳಲಾರದು. ಗೋಡೆ ಬಹುಮಟ್ಟಿಗೆ ಹೊತ್ತುಕೊಳ್ಳಬಲ್ಲದು. ಈ ಸಂಗತಿಯನ್ನು ಮನುಷ್ಯನ ಕೈ ಅರಿತು ಮೂರು ಸಾವಿರ ವರ್ಷಗಳಿಗೂ ಮಿಗಿಲಾಯಿತು. ಲೆಕ್ಕದ ಪುಸ್ತಕಕ್ಕೆ ಅದು ಸರಿಯಾಗಿ ಇಳಿದದ್ದು 1952ರಲ್ಲಿ.

ನಾನು ಕನ್ನಡ ಪಾಠ ಹೇಳುವವನು; ಕಟ್ಟಡದ ಲೆಕ್ಕ ನನ್ನ ಕಸುಬಲ್ಲ. ಆದರೆ ಈ ಕಥೆ ಕೊನೆಗೆ ನಮ್ಮ ಭಾಷೆಯ ಒಂದು ಮಾತಿನ ಬಳಿಗೆ ಬಂದು ನಿಲ್ಲುತ್ತದೆ. ಅಲ್ಲದೆ ನಮ್ಮ ಊರುಗಳಲ್ಲಿ ಹಳೆಯ ಮನೆಗಳ ಗೋಡೆ ಕೊರೆಯುವ ಕೆಲಸ ಇಷ್ಟು ಭರದಿಂದ ನಡೆದಿರುವಾಗ ಇದನ್ನು ಎಂಜಿನಿಯರರಿಗೇ ಬಿಟ್ಟುಬಿಡುವುದು ಸರಿಯೆಂದು ನನಗೆ ತೋರಲಿಲ್ಲ.

ಮೊದಲು ಕಲ್ಲಿನ ಸ್ವಭಾವವನ್ನು ತಿಳಿಯಬೇಕು. ನಾನು ದಿನವೂ ಹಿಡಿಯುವ ಸೀಮೆಸುಣ್ಣದ ಕಡ್ಡಿಯನ್ನೇ ತೆಗೆದುಕೊಳ್ಳೋಣ. ಅದರ ಎರಡು ತುದಿಗಳನ್ನು ನೇರವಾಗಿ ಒತ್ತಿದರೆ ಅದು ಸುಲಭವಾಗಿ ಸೋಲುವುದಿಲ್ಲ. ತುಸು ಬಗ್ಗಿಸಿದರೋ, ಟಕ್ಕೆಂದು ಮುರಿಯುತ್ತದೆ. ಬಗ್ಗಿದಾಗ ಕಡ್ಡಿಯ ಒಂದು ಮೈ ಒತ್ತಿಕೊಳ್ಳುತ್ತದೆ, ಎದುರಿನ ಮೈ ಎಳೆಯಲ್ಪಡುತ್ತದೆ; ಒತ್ತಡವನ್ನು ತಾಳುವ ಕಡ್ಡಿ ಎಳೆತವನ್ನು ತಾಳಲಾರದು. ಕಲ್ಲು, ಇಟ್ಟಿಗೆ, ಗಾರೆ ಇವೆಲ್ಲ ಇದೇ ಜಾತಿಗೆ ಸೇರಿದವು. ಎರಡು ಕಂಬಗಳ ಮೇಲೆ ಮಲಗಿದ ಕಲ್ಲಿನ ತೊಲೆ ಬಿರಿಯುವುದು ಕೆಳಮೈಯಿಂದ, ಹೆಚ್ಚಾಗಿ ನಡುವಿನಲ್ಲಿ. ಆದುದರಿಂದ ಪ್ರಾಚೀನರ ಮುಂದಿದ್ದ ಪ್ರಶ್ನೆ ಇದು: ತೊಲೆಯ ಮೇಲೆ ಬೀಳುವ ಭಾರವನ್ನು ನಡುವಿನಿಂದ ಬದಿಗಳಿಗೆ ಸರಿಸುವುದು ಹೇಗೆ?

ಈಜಿಪ್ಟಿನವರು ಇದಕ್ಕೆ ಕೊಟ್ಟ ಉತ್ತರ ರಾಜವೈಭವದ್ದು. ಖುಫುವಿನ ಮಹಾ ಪಿರಮಿಡ್ಡಿನೊಳಗೆ ರಾಜನ ಕೋಣೆಯೆಂದು ಕರೆಯುವ ಭಾಗವುಂಟು. ಅದರ ಅಗಲ ಸುಮಾರು 5.2 ಮೀಟರು. ಅದರ ಮಾಡು 9 ಬೆಣಚುಕಲ್ಲಿನ ತೊಲೆಗಳಿಂದಾದದ್ದು. ಒಟ್ಟು ತೂಕ ಸುಮಾರು 400 ಟನ್ನೆಂದು ಅಂದಾಜು. ಅದರ ಮೇಲೆ ಒಂದರ ಮೇಲೊಂದರಂತೆ 5 ಗಿಡ್ಡ ಕೋಣೆಗಳು. ತುಟ್ಟತುದಿಯಲ್ಲಿ ಎರಡು ಕಡೆಯಿಂದ ಒಂದಕ್ಕೊಂದು ಒರಗಿ ನಿಂತ ಸುಣ್ಣಕಲ್ಲಿನ ಬಂಡೆಗಳು, ನಮ್ಮ ಹೆಂಚಿನ ಮನೆಯ ಮಾಡಿನಂತೆ. ಮೇಲಿನ ಪರ್ವತದ ಭಾರ ಈ ಒರಗುಕಲ್ಲುಗಳ ಮೇಲೆ ಬಿದ್ದು ಇಕ್ಕೆಲಕ್ಕೆ ಜಾರಿಹೋಗುತ್ತದೆ. ಹಾಗಿದ್ದೂ ಕೆಳಗಿನ ತೊಲೆಗಳು ದಕ್ಷಿಣದ ಗೋಡೆಯ ಬಳಿ ಬಿರುಕುಬಿಟ್ಟಿವೆ. ನಾಲ್ಕೂವರೆ ಸಾವಿರ ವರ್ಷ ಕಳೆದರೂ ಬಿದ್ದಿಲ್ಲವೆನ್ನುವುದು ಬೇರೆ ಮಾತು.

ನನಗೆ ಇದಕ್ಕಿಂತ ಹೆಚ್ಚು ಮೆಚ್ಚಿಗೆಯಾಗಿರುವುದು ಗ್ರೀಸಿನ ಮೈಸೀನಿ ಕೋಟೆಯ ಬಾಗಿಲು. ಕ್ರಿ. ಪೂ. 1250ರ ಸುಮಾರಿಗೆ ಕಟ್ಟಿದ್ದು; ಎರಡು ಸಿಂಹಗಳ ಶಿಲ್ಪವಿರುವುದರಿಂದ ಸಿಂಹದ್ವಾರವೆಂದು ಪ್ರಸಿದ್ಧಿ. ಕ್ರಿಸ್ತಶಕ ಎರಡನೆಯ ಶತಮಾನದ ಪ್ರವಾಸಿ ಪಾಸೇನಿಯಸ್ ಈ ಸಿಂಹಗಳನ್ನು ಕಂಡು ಬರೆದಿದ್ದಾನೆ. 1876ರಲ್ಲಿ ಷ್ಲೀಮನ್ ಇಲ್ಲಿಯೇ ಅಗೆದು ಬಂಗಾರ ತೆಗೆದ. ನೋಡಲು ಹೋದವರ ಕಣ್ಣೆಲ್ಲ ಸಿಂಹಗಳ ಮೇಲೆ. ಆದರೆ ಸಿಂಹಗಳು ಅಲ್ಲಿಗೆ ಏಕೆ ಬಂದವೆಂದು ಯೋಚಿಸಬೇಕು. ಬಾಗಿಲಿನ ಮೇಲೆ ಸುಮಾರು 20 ಟನ್ ತೂಕದ ಒಂದೇ ಕಲ್ಲಿನ ತೊಲೆಯಿದೆ. ಅದರ ನಡುಭಾಗ ತುದಿಗಳಿಗಿಂತ ದಪ್ಪ. ಎಲ್ಲಿ ಮುರಿಯುತ್ತದೆಂಬುದನ್ನು ಆ ಕಲ್ಲುಕುಟಿಗ ಬಲ್ಲವನಾಗಿದ್ದ. ತೊಲೆಯ ಮೇಲೆ ಗೋಡೆಯ ಕಲ್ಲುಗಳನ್ನು ಎರಡು ಕಡೆಯಿಂದಲೂ ಸಾಲುಸಾಲಾಗಿ ಮುಂಚಾಚುತ್ತ ಹೋಗಿ, ನಡುವೆ ತ್ರಿಕೋನಾಕಾರದ ಒಂದು ಬರಿದಾದ ಜಾಗವನ್ನು ಬಿಟ್ಟಿದ್ದಾರೆ. ಆ ಬರಿದನ್ನು ಮುಚ್ಚಲು ತೆಳುವಾದ ಒಂದು ಹಲಗೆಗಲ್ಲು ಸಾಕು. ಅದರ ಮೇಲೆ ಸಿಂಹಗಳನ್ನು ಕೊರೆದರು. ಎಂದರೆ ಆ ಸಿಂಹಗಳು ನಿಂತಿರುವುದು ಗೋಡೆ ಇಲ್ಲದ ಕಡೆಯಲ್ಲಿ. ಅದೇ ಊರಿನ ಏಟ್ರಿಯಸನ ಭಂಡಾರವೆಂಬ ಗೋರಿಯ ಬಾಗಿಲಿನಲ್ಲಿ ಸುಮಾರು 120 ಟನ್ನಿನ ತೊಲೆಗಲ್ಲಿದೆ. ಅದರ ಮೇಲೆಯೂ ಇಂಥದೇ ತ್ರಿಕೋನ. ಆ ತ್ರಿಕೋನದ ಶಿಲ್ಪ ಈಗ ಸ್ಥಳದಲ್ಲಿಲ್ಲ. ಬರಿದಾದ ಜಾಗ ಹಾಗೆಯೇ ತೆರೆದುಕೊಂಡಿದ್ದು, ಕಟ್ಟಿದವನ ಮನಸ್ಸಿನಲ್ಲೇನಿತ್ತೆಂಬುದನ್ನು ಸಿಂಹಗಳಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ.

ರೋಮನರು ಬಿಡುವುದಕ್ಕೆ ಬದಲಾಗಿ ಹುದುಗಿಸಿದರು. ರೋಮಿನ ಪ್ಯಾಂಥಿಯನ್ ದೇವಾಲಯ ಹೇಡ್ರಿಯನ್ ಚಕ್ರವರ್ತಿಯ ಕಾಲದ್ದು, ಕ್ರಿ. ಶ. 126ರ ಸುಮಾರಿಗೆ ಮುಗಿದದ್ದು. ಅದರ ಹೊರಗೋಡೆಯನ್ನು ಸುತ್ತಿ ಬಂದರೆ ಇಟ್ಟಿಗೆಯ ಮೈಯಲ್ಲಿ ಕಮಾನಿನ ಗೆರೆಗಳು ಕಾಣುತ್ತವೆ. ಅವುಗಳ ಕೆಳಗೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ಸುಮಾರು 6 ಮೀಟರು ದಪ್ಪದ ಆ ಗೋಡೆ ಒಳಗೆ ಗೂಡುಗಳಿಂದ ಟೊಳ್ಳಾಗಿದೆ. ಟೊಳ್ಳಿನ ಮೇಲೆ ಬೀಳಬಹುದಾದ ಭಾರವನ್ನು ಗೋಡೆಯೊಳಗೆ ಹೂತ ಈ ಕಮಾನುಗಳು ಗಟ್ಟಿಯಾದ 8 ಕಂಬಭಾಗಗಳತ್ತ ತಿರುಗಿಸುತ್ತವೆ.

ನಮ್ಮ ದೇಶದ ದೇಗುಲಗಳನ್ನು ಕಟ್ಟಿದವರು ಹಿಡಿದದ್ದು ಬೇರೆಯ ದಾರಿ. ಪಟ್ಟದಕಲ್ಲಿನಲ್ಲಾಗಲಿ 1117ರ ಬೇಲೂರಿನಲ್ಲಾಗಲಿ ಕಂಬಗಳು ಒತ್ತೊತ್ತಾಗಿ ನಿಂತಿರುತ್ತವೆ. ಕಂಬದ ತಲೆಯ ಮೇಲೆ ಇಕ್ಕೆಲಕ್ಕೂ ಕೈಚಾಚಿದ ಬೋದಿಗೆ. ಬೋದಿಗೆಯ ಮೇಲೆ ತೊಲೆ. ಬೋದಿಗೆ ಚಾಚಿದಷ್ಟೂ ತೊಲೆ ದಾಟಬೇಕಾದ ಅಂತರ ಕಡಮೆಯಾಗುತ್ತದೆ. ಭಾರವನ್ನು ಸರಿಸುವುದಕ್ಕಿಂತ ಹೊರುವವರನ್ನು ಹತ್ತಿರ ನಿಲ್ಲಿಸುವ ಉಪಾಯವಿದು. ಹಾಗಾಗಿಯೇ ನಮ್ಮ ನವರಂಗಗಳಲ್ಲಿ ಕಂಬಗಳ ಕಾಡು. ಗುಲ್ಬರ್ಗದ 1367ರ ಮಸೀದಿಯಲ್ಲಿ, ವಿಜಯಪುರದ ಗೋಲಗುಂಬಜಿನಲ್ಲಿ ಕಮಾನು ಬಂದು ಆ ಕಾಡನ್ನು ಕಡಿದುಹಾಕಿತು. ಕಮಾನು ಎಂದೂ ನಿದ್ರೆ ಮಾಡುವುದಿಲ್ಲವೆಂಬ ಮಾತು ಹಿಂದೂಗಳಲ್ಲಿ ರೂಢಿಯಲ್ಲಿದೆಯೆಂದು ವಾಸ್ತುಶಿಲ್ಪದ ಇತಿಹಾಸ ಬರೆದ ಜೇಮ್ಸ್ ಫರ್ಗುಸನ್ ಹತ್ತೊಂಬತ್ತನೆಯ ಶತಮಾನದಲ್ಲಿ ಗುರುತುಮಾಡಿಕೊಂಡಿದ್ದಾನೆ. ಮಲಗಿದ ತೊಲೆ ಕೆಳಕ್ಕೆ ಮಾತ್ರ ಭಾರ ಹಾಕುತ್ತದೆ. ಕಮಾನು ಹಗಲಿರುಳು ಪಕ್ಕಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಅದರ ಮೇಲಿನ ಅಪನಂಬಿಕೆಗೆ ಕಾರಣ ಅಜ್ಞಾನವೆಂದು ಕೆಲವರು ಬರೆದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಆ ಮಾತನ್ನು ಆಡಿದವನು ಕಮಾನಿನ ಗುಣವನ್ನು ಚೆನ್ನಾಗಿ ಬಲ್ಲವನೇ. ಚಪ್ಪಟೆಯಾಗಿ ಕಾಣುವ ಗೋಡೆಯೊಳಗೂ ನಿದ್ರೆಯಿಲ್ಲದ ಕಮಾನೊಂದು ಇರುತ್ತದೆಂಬುದು ಮಾತ್ರ ಇನ್ನೂ ಹೊರಬೀಳಬೇಕಾಗಿತ್ತು.

ಇನ್ನು ಲೆಕ್ಕದವರ ಕಥೆ. 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಗೆಲಿಲಿಯೋನ ಕೊನೆಯ ಗ್ರಂಥ ಅಚ್ಚಾಯಿತು. ಮುದುಕನಿಗೆ ಆಗ ಗೃಹಬಂಧನ. ತೊಲೆಯ ಬಲವನ್ನು ಗಣಿತಕ್ಕೆ ತಂದ ಮೊದಲ ಪುಸ್ತಕವೆಂದು ಅದಕ್ಕೆ ಹೆಸರು. ಅದರಲ್ಲಿ ಒಂದು ಸೊಗಸಾದ ಪ್ರಸಂಗ ಬರುತ್ತದೆ. ದೊಡ್ಡದೊಂದು ಅಮೃತಶಿಲೆಯ ಕಂಬವನ್ನು ಎರಡು ತುದಿಗಳಲ್ಲಿ ದಿಮ್ಮಿಗಳ ಮೇಲೆ ಮಲಗಿಸಿದ್ದರಂತೆ. ನಡುವಿನಲ್ಲಿ ಮುರಿದೀತೆಂದು ಹೆದರಿದ ಕುಶಲಿಯೊಬ್ಬ ನಡುವೆ ಮೂರನೆಯ ದಿಮ್ಮಿಯನ್ನೂ ಇಡಿಸಿದ, ಎಲ್ಲರೂ ಭೇಷೆಂದರು. ಕೆಲವು ತಿಂಗಳಾದ ಮೇಲೆ ಕಂಬ ಸರಿಯಾಗಿ ಆ ಮೂರನೆಯ ದಿಮ್ಮಿಯ ಮೇಲೆಯೇ ಮುರಿಯಿತು. ತುದಿಯ ಒಂದು ದಿಮ್ಮಿ ಕೊಳೆತು ಕುಸಿದಿತ್ತು. ಅರ್ಧ ಕಂಬ ಗಾಳಿಯಲ್ಲಿ ನಿಂತಿತ್ತು. ಎರಡೇ ದಿಮ್ಮಿಗಳಿದ್ದಿದ್ದರೆ ಕಂಬವೂ ಜೊತೆಗೆ ತುಸು ಇಳಿದು ಉಳಿದುಕೊಳ್ಳುತ್ತಿತ್ತು. ಆಸರೆ ಹೆಚ್ಚಿದರೆ ಕ್ಷೇಮವೂ ಹೆಚ್ಚುತ್ತದೆಂದು ಎಣಿಸುವ ಮನೆಯ ಯಜಮಾನರು ಈ ಪುಟವನ್ನು ಓದಬೇಕು.

ಅದೇ ಗ್ರಂಥದಲ್ಲಿ ಪ್ರಸಿದ್ಧವಾದ ಒಂದು ಚಿತ್ರವುಂಟು: ಪಾಳುಗೋಡೆಯಿಂದ ಮುಂಚಾಚಿದ ಮರದ ತೊಲೆ, ತುದಿಯಲ್ಲಿ ತೂಗುಬಿಟ್ಟ ಭಾರ. ತೊಲೆಯ ಬಲ ಅದರ ಅಗಲದಂತೆಯೂ ಎತ್ತರದ ವರ್ಗದಂತೆಯೂ ಹೆಚ್ಚುತ್ತದೆಂದು ಗೆಲಿಲಿಯೋ ಸರಿಯಾಗಿಯೇ ಕಂಡುಕೊಂಡ. ಬಲದ ಮೊತ್ತವನ್ನು ಮಾತ್ರ ಮೂರು ಪಾಲು ಹೆಚ್ಚಾಗಿ ಹಾಕಿದ. ತೊಲೆಯ ಮೇಲ್ಮೈ ಎಳೆಯಲ್ಪಡುವಾಗ ಕೆಳಮೈ ಒತ್ತಿಕೊಳ್ಳುತ್ತದೆಂಬುದು ಅವನ ಲೆಕ್ಕಕ್ಕೆ ಬರಲಿಲ್ಲ. ಅದನ್ನು ತಿದ್ದಿ ಇಂದಿನ ರೂಪಕ್ಕೆ ತಂದ ಫ್ರಾನ್ಸಿನ ನೇವಿಯೆಯ ಪುಸ್ತಕ 1826ರದು. ಗೆಲಿಲಿಯೋನ ಚಿತ್ರದ ಗೋಡೆಯ ಮೇಲೆ ಬೆಳೆದ ಗಿಡಗಂಟಿಗಳನ್ನೂ ಚಿತ್ರಕಾರ ಬಿಡದೆ ಬರೆದಿದ್ದಾನೆ. ಗೋಡೆ ಏನು ಮಾಡುತ್ತಿದೆಯೆಂದು ಮಾತ್ರ ಯಾರೂ ಕೇಳಲಿಲ್ಲ. ತೊಲೆಗೆ ಒಂದು ಶಾಸ್ತ್ರ, ಕಮಾನಿಗೆ ಇನ್ನೊಂದು ಶಾಸ್ತ್ರವಾಗಿ ಬೆಳೆದವು. ಕಮಾನಿನ ಕಡೆಯವರಿಗೆ ರಾಬರ್ಟ್ ಹುಕ್ ಇಂಗ್ಲೆಂಡಿನಲ್ಲಿ 1675ರಲ್ಲಿಯೇ ಬೀಗದ ಕೈ ಕೊಟ್ಟಿದ್ದ: ತೂಗುಬಿಟ್ಟ ಸರಪಳಿಯ ಆಕಾರವನ್ನು ತಲೆಕೆಳಗು ಮಾಡಿದರೆ ಕಮಾನು ನಿಲ್ಲುವ ಆಕಾರ ಸಿಕ್ಕುತ್ತದೆ. ಅದನ್ನೂ ಆತ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿದ. ಒಗಟು ಬಿಡಿಸಿದ್ದು ಅವನು ಸತ್ತ ಮೇಲೆ, 1705ರಲ್ಲಿ. ವಿದ್ವಾಂಸರ ಜಿಪುಣತನಕ್ಕೆ ಎಲ್ಲೆಯಿಲ್ಲ.

ಕಟ್ಟುವವರ ನಡುವೆ ಮಾತ್ರ ಒಂದು ವ್ಯಾವಹಾರಿಕ ಸೂತ್ರ ನಡೆದುಬಂದಿತು. ಬಾಗಿಲಿನ ತೊಲೆಯನ್ನು, ನಮ್ಮ ಮೇಸ್ತ್ರಿಗಳ ಮಾತಿನಲ್ಲಿ ಲಿಂಟಲನ್ನು, ಮೆಲ್ಲನೆ ತೆಗೆದರೆ ಮೇಲಿನ ಗೋಡೆಯೆಲ್ಲ ಬೀಳುವುದಿಲ್ಲ. ತ್ರಿಕೋನಾಕಾರದಲ್ಲಿ ಒಂದಿಷ್ಟು ಇಟ್ಟಿಗೆ ಉದುರಿ, ಉಳಿದದ್ದು ನಿಲ್ಲುತ್ತದೆ. ಹಳೆಯ ಮನೆಗಳನ್ನು ಕೆಡವುವಾಗ ಇದನ್ನು ಯಾರಾದರೂ ನೋಡಬಹುದು. ಆದ್ದರಿಂದ ಲಿಂಟಲಿಗೆ ಆ ತ್ರಿಕೋನದ ಭಾರವನ್ನು ಮಾತ್ರ ಎಣಿಸಿದರೆ ಸಾಕೆಂದು ಕೈಪಿಡಿಗಳು ಹೇಳಿದವು. 3 ಮೀಟರು ಅಗಲದ ಒಂದು ತೆರಪು, ಅದರ ಮೇಲೆ 3 ಮೀಟರು ಎತ್ತರದ, 23 ಸೆಂಟಿಮೀಟರು ದಪ್ಪದ ಇಟ್ಟಿಗೆ ಗೋಡೆಯೆಂದು ಇಟ್ಟುಕೊಳ್ಳಿ. ಗೋಡೆ ಸುಮಾರು 4 ಟನ್ ತೂಗುತ್ತದೆ. ಇಕ್ಕೆಲದಿಂದ 45 ಡಿಗ್ರಿಯಲ್ಲಿ ಗೆರೆಯೆಳೆದರೆ ಆ ತ್ರಿಕೋನದೊಳಗೆ ಬರುವುದು ಅದರ ಕಾಲುಭಾಗ, ಒಂದು ಟನ್. ಮೈಸೀನಿಯವನು ಕಲ್ಲಿಡದೆ ಬಿಟ್ಟ ತ್ರಿಕೋನವೇ ಇಲ್ಲಿ ಕಾಗದದ ಮೇಲೆ ಬಂದಿತು.

ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಮನೆಗಳ ಕೊರತೆ ಎಷ್ಟೋ ಉಕ್ಕಿನ ಕೊರತೆಯೂ ಅಷ್ಟೇ. ಮೆತ್ತನೆಯ ಮಣ್ಣಿನಲ್ಲಿ ಕಂಬಗಳನ್ನು ಇಳಿಸಿ, ಅವುಗಳ ಮೇಲೆ ಕಾಂಕ್ರೀಟಿನ ತೊಲೆ ಹಾಕಿ, ತೊಲೆಯ ಮೇಲೆ ಇಡೀ ಮನೆಯ ಗೋಡೆ ಕಟ್ಟಬೇಕಾದಾಗ ತೊಲೆಗೆ ಎಷ್ಟು ಕಂಬಿ ಹಾಕಬೇಕು? ಲಂಡನ್ನಿನ ಉತ್ತರಕ್ಕೆ ಗಾರ್ಸ್ಟನ್ನಿನಲ್ಲಿರುವ ಕಟ್ಟಡ ಸಂಶೋಧನಾ ಕೇಂದ್ರದಲ್ಲಿ ಆರ್. ಎಚ್. ವುಡ್ ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದರು. ಕಾಂಕ್ರೀಟ್ ತೊಲೆಗಳ ಮೇಲೆ ಇಟ್ಟಿಗೆ ಗೋಡೆ ಕಟ್ಟಿ, ಗೋಡೆಯ ಮೇಲೆ ಭಾರ ಹೇರಿ, ತೊಲೆಯ ಪಾಡೇನೆಂದು ಅಳೆದರು. ಭಾರವೆಲ್ಲ ತೊಲೆಯ ಉದ್ದಕ್ಕೂ ಸಮನಾಗಿ ಬಿದ್ದಿದೆಯೆಂದು ಎಣಿಸಿದರೆ ಅದನ್ನು ಬಗ್ಗಿಸುವ ಶಕ್ತಿ, ಎಂಜಿನಿಯರರು ಬೆಂಡಿಂಗ್ ಮೊಮೆಂಟ್ ಎನ್ನುವ ಅಳತೆ, ಭಾರವನ್ನು ಅಂತರದಿಂದ ಗುಣಿಸಿ 8ರಿಂದ ಭಾಗಿಸಿದಷ್ಟಾಗಬೇಕು. 1952ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವುಡ್ ಅವರು, ತೆರಪಿಲ್ಲದ ಗೋಡೆಯಾದರೆ 8ರ ಬದಲು 100ರಿಂದ ಭಾಗಿಸಿದರೆ ಸಾಕೆಂದು ಸೂಚಿಸಿದರು. ನಮ್ಮ 4 ಟನ್ನಿನ ಗೋಡೆಗೆ ಈ ಸೂತ್ರ ಹಚ್ಚಿದರೆ ಒಂದೂವರೆ ಇದ್ದಲ್ಲಿ ಕೇವಲ 0.12. ಹನ್ನೆರಡರಲ್ಲಿ ಒಂದು ಪಾಲೂ ಇಲ್ಲ!

ಹಾಗಾದರೆ ಉಳಿದ ಭಾರ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ; ಕಂಬಗಳು ಹೊರುವ ಮೊತ್ತ ಅಷ್ಟೇ ಇದೆ. ದಾರಿ ಮಾತ್ರ ಬೇರೆಯಾಯಿತು. ಭಾರ ಬಿದ್ದಾಗ ತೊಲೆ ನಡುವಿನಲ್ಲಿ ಕೂದಲೆಳೆಯಷ್ಟು ಇಳಿಯುತ್ತದೆ. ಗೋಡೆ ಬಿರುಸಾದದ್ದು; ಅದು ತೊಲೆಯ ಜೊತೆ ಬಗ್ಗಲು ಒಪ್ಪುವುದಿಲ್ಲ. ಕೆಳಗಿನ ಆಸರೆ ಜಾರಿದ ಕಡೆ ಬಿಟ್ಟು, ಆಸರೆ ಗಟ್ಟಿಯಾಗಿರುವ ಎರಡು ತುದಿಗಳ ಮೇಲೆ ತನ್ನ ಭಾರವನ್ನು ಊರುತ್ತದೆ. ಚಪ್ಪಟೆ ಗೋಡೆಯೊಳಗೆ, ಕಣ್ಣಿಗೆ ಕಾಣದಂತೆ, ಒಂದು ಕಮಾನು ಹುಟ್ಟಿತು. ಕಮಾನು ಹುಟ್ಟಿದ ಮೇಲೆ ಅದರ ಕಾಲುಗಳು ಹೊರಕ್ಕೆ ಜಾರಲೇಬೇಕು. ಜಾರದಂತೆ ತಡೆಯುವವರು ಯಾರು? ಕೆಳಗಿನ ತೊಲೆ. ಅದು ಈಗ ಎರಡು ಪಾದಗಳನ್ನೂ ಒಳಕ್ಕೆಳೆದು ಹಿಡಿದಿರುತ್ತದೆ.

ಇಲ್ಲಿ ನನ್ನ ಕಸುಬಿನ ಮಾತು ಬರುತ್ತದೆ. ಕಮಾನು ಎಂಬುದು ನಮಗೆ ಫಾರಸಿಯಿಂದ ಬಂದ ಶಬ್ದ. ಅಲ್ಲಿ ಅದಕ್ಕೆ ಬಿಲ್ಲು ಎಂದೇ ಅರ್ಥ. (ಕಾಮನಬಿಲ್ಲಿಗೂ ಇದಕ್ಕೂ ನಂಟು ಹಚ್ಚುವ ವಿದ್ಯಾರ್ಥಿಗಳು ವರ್ಷಕ್ಕೊಬ್ಬರಾದರೂ ಸಿಕ್ಕುತ್ತಾರೆ, ಆಕಾರ ಒಂದೇ, ಕುಲ ಬೇರೆ.) ಬಿಲ್ಲೆಂದಮೇಲೆ ಹೆದೆಯೂ ಇರಬೇಕಲ್ಲವೆ? ಕಲ್ಲಿನ ಕಮಾನುಗಳಿಗೆ ಹೆದೆಯಿಲ್ಲ. ದಪ್ಪ ಗೋಡೆಗಳು ಪಕ್ಕದಲ್ಲಿ ನಿಂತು ತಡೆಯುತ್ತವೆ. ವುಡ್ ಅವರ ಗೋಡೆಯಲ್ಲಿ ಉಪಮೆ ಪೂರ್ತಿಯಾಯಿತು. ಗೋಡೆಯೇ ಬಿಲ್ಲು, ತೊಲೆಯೇ ಹೆದೆ. ತೊಲೆ ಗೋಡೆಯನ್ನು ಹೊತ್ತಿದೆಯೆಂದು ಇಷ್ಟು ಕಾಲ ತಿಳಿದಿದ್ದೆವು. ಅದು ಮಾಡುತ್ತಿರುವ ದೊಡ್ಡ ಕೆಲಸ ಹೊರುವುದಲ್ಲ, ಬಿಗಿದು ಕಟ್ಟುವುದು. ಇದರ ಫಲವೂ ಒಂದುಂಟು. ಸಾಮಾನ್ಯ ತೊಲೆಯಲ್ಲಿ ಕಂಬಿಗೆ ಹೆಚ್ಚು ಕೆಲಸ ನಡುವಿನಲ್ಲಿ. ತುದಿಗೆ ಹೋದಂತೆ ಅದು ಇಳಿಯುತ್ತದೆ. ಹೆದೆಯ ಎಳೆತ ಹಾಗಲ್ಲ, ತುದಿಯವರೆಗೂ ಉಂಟು. ಆದ್ದರಿಂದ ಕೆಳಗಿನ ಕಂಬಿಗಳನ್ನು ತುದಿಯಲ್ಲಿ ಚೆನ್ನಾಗಿ ಕಚ್ಚಿಸಬೇಕು. ಹೆದೆಯ ಗಂಟು ಬಿಚ್ಚಿದರೆ ಬಿಲ್ಲಿಲ್ಲ.

ಈ ಬಿಲ್ಲಿಗೆ ಕಟ್ಟಳೆಗಳೂ ಉಂಟು. ಗೋಡೆಯ ಎತ್ತರ ಅಂತರದ 0.6 ಪಾಲಾದರೂ ಇರಬೇಕು; ಗಿಡ್ಡ ಗೋಡೆಯಲ್ಲಿ ಕಮಾನಿಗೆ ಏಳಲು ಜಾಗವಿಲ್ಲ. ಗಾರೆ ಗಟ್ಟಿಯಾಗಿರಬೇಕು. ಹಸಿ ಗೋಡೆ ಮೂಟೆಯೇ ಸರಿ. ಕಟ್ಟುವ ದಿನಗಳಲ್ಲಿ ತೊಲೆ ಅದನ್ನು ಹೊರಲೇಬೇಕು, ಅಥವಾ ಅದರ ಕೆಳಗೆ ಊರೆ ಕೊಟ್ಟಿರಬೇಕು. ಭಾರವೆಲ್ಲ ತುದಿಗಳಿಗೆ ಸರಿಯುವುದರಿಂದ ಅಲ್ಲಿ ಇಟ್ಟಿಗೆ ನಜ್ಜುಗುಜ್ಜಾಗುವ ಭಯವಿದೆ. ತೊಲೆ ಸಣ್ಣದಾದಷ್ಟೂ ಈ ಒತ್ತಡ ಮೂಲೆಗೆ ಮುದುಡುತ್ತದೆ. 1969ರಲ್ಲಿ ಅದೇ ಕೇಂದ್ರದಿಂದ ಬಂದ ಲೇಖನಗಳೂ 1977ರಲ್ಲಿ ಸ್ಟ್ಯಾಫರ್ಡ್ ಸ್ಮಿತ್ ಮತ್ತು ರಿಡಿಂಗ್‌ಟನ್ ಬರೆದ ಪ್ರಬಂಧವೂ ಮುಖ್ಯವಾಗಿ ಈ ಮೂಲೆಯ ಕಥೆಯನ್ನೇ ಬಿಡಿಸಿದವು.

ಈಗ ಲೆಕ್ಕವೆಲ್ಲ ಕಂಪ್ಯೂಟರಿನದು. ಗೋಡೆಯನ್ನು ಸಣ್ಣಸಣ್ಣ ಚೌಕಗಳಾಗಿ ಸೀಳಿ, ಒಂದೊಂದಕ್ಕೂ ಸಮೀಕರಣ ಹೂಡುವ ವಿಧಾನಕ್ಕೆ ಕ್ಲಫ್ ಎಂಬ ಅಮೆರಿಕದ ಪ್ರಾಧ್ಯಾಪಕರು 1960ರಲ್ಲಿ ಹೆಸರಿಟ್ಟರು. ಅದು ಫೈನೈಟ್ ಎಲಿಮೆಂಟ್ ವಿಧಾನ. ಪರಿಚಯದ ತರುಣ ಎಂಜಿನಿಯರೊಬ್ಬರು ನನಗೆ ಪರದೆಯ ಮೇಲೆ ಅದನ್ನು ತೋರಿಸಿದರು. ಗೋಡೆಯನ್ನು ಬರಿಯ ಭಾರವೆಂದು ಬರೆದುಕೊಟ್ಟರೆ ಯಂತ್ರ ತೊಲೆಗೆ ಧಾರಾಳವಾಗಿ ಕಂಬಿ ಕೇಳುತ್ತದೆ. ಗೋಡೆಯನ್ನೂ ಚೌಕಗಳಾಗಿ ತೊಲೆಗೆ ಬೆಸೆದುಕೊಟ್ಟರೆ ತೊಲೆ ಸುಮ್ಮನಿರುತ್ತದೆ; ಭಾರ ಕಮಾನಿನ ದಾರಿ ಹಿಡಿದು ಕಂಬಗಳಿಗೆ ಇಳಿಯುತ್ತದೆ. ಎರಡು ಉತ್ತರಗಳೂ ಆಯಾ ಪ್ರಶ್ನೆಗೆ ಸರಿ. ಆದರೆ ಎರಡನೆಯದರಲ್ಲಿ ಯಂತ್ರ ಗೋಡೆಯನ್ನು ಮೊದಲ ದಿನದಿಂದಲೇ ಒಣಗಿ ಗಟ್ಟಿಯಾದದ್ದೆಂದು ನಂಬಿರುತ್ತದೆ. ನಾಳೆ ಯಾರೂ ಅದನ್ನು ಕೊರೆಯುವುದಿಲ್ಲವೆಂದೂ ನಂಬಿರುತ್ತದೆ. ಗಾರೆ ಒಣಗಿದೆಯೇ, ಬಾಡಿಗೆದಾರನಿಗೆ ಇನ್ನೊಂದು ಬಾಗಿಲು ಬೇಕಾಗಿದೆಯೇ ಎಂಬುದು ಅದಕ್ಕೆ ತಿಳಿಯದು, ಹೇಳಿಕೊಡಬೇಕಾದವನು ಮನುಷ್ಯ. ಹಾಗೆಂದು ಗೋಡೆಯನ್ನು ಸದಾ ಮೂಟೆಯೆಂದೇ ಎಣಿಸಿದರೆ ಕ್ಷೇಮ ಹೌದು, ಖರ್ಚು ಮಾತ್ರ ವಿಪರೀತ.

ನಾನಿರುವ ಬೀದಿಯಲ್ಲಿ ಈ ಕೆಲವು ವರ್ಷಗಳಲ್ಲಿ ನಾಲ್ಕಾರು ಹಳೆಯ ಮನೆಗಳ ಕೆಳಭಾಗ ಅಂಗಡಿಯಾಗಿದೆ. ಕೆಳಗಿನ ಗೋಡೆ ತೆಗೆದು ತೊಲೆ ಕೊಡುತ್ತಾರೆ. ಮೇಲಿನ ಅಂತಸ್ತಿನ ಗೋಡೆ ತೊಲೆಯ ಮೇಲೆ ಉಳಿಯುತ್ತದೆ. ಕೆಲವು ವರ್ಷಗಳಾದ ಮೇಲೆ ಮೇಲಿನವರಿಗೆ ಮೆಟ್ಟಿಲ ಕಡೆ ಬಾಗಿಲು ಬೇಕೆನಿಸುತ್ತದೆ. ಮೆಟ್ಟಿಲು ಸಾಮಾನ್ಯವಾಗಿ ಮೂಲೆಯಲ್ಲಿರುವುದರಿಂದ ಬಾಗಿಲನ್ನೂ ಮೂಲೆಯಲ್ಲಿ, ತೊಲೆಯ ತುದಿಯ ಮೇಲೆಯೇ ಕೊರೆಯುತ್ತಾರೆ. ನಡುವಿನಲ್ಲಿ ಕೊರೆದ ಬಾಗಿಲು, ಅದರ ಮೇಲೆ ಸಾಕಷ್ಟು ಗೋಡೆ ಉಳಿದಿದ್ದರೆ, ಕಮಾನಿನ ಹೊಟ್ಟೆಯೊಳಗೆ ಬರುತ್ತದೆ. ಬಿಲ್ಲು ಅದಕ್ಕೆ ಅಷ್ಟಾಗಿ ಅಂಜುವುದಿಲ್ಲ. ಮೂಲೆಯ ಬಾಗಿಲು ಕಡಿಯುವುದು ಬಿಲ್ಲಿನ ಕಾಲನ್ನೇ. ವುಡ್ ಅವರು ಇಂಥ ಗೋಡೆಗೆ 100ರ ಸೂತ್ರವನ್ನು ಒಪ್ಪಲಿಲ್ಲ. 50ರಿಂದ ಭಾಗಿಸಬೇಕೆಂದರು, ಎಂದರೆ ತೊಲೆಗೆ ಇಮ್ಮಡಿ ಕೆಲಸ. ಅದೂ ಮೊದಲೇ ತಿಳಿದು ಕಟ್ಟಿದ ಗೋಡೆಗೆ. ಕಟ್ಟಿ ಇಪ್ಪತ್ತು ವರ್ಷವಾದ ಮೇಲೆ ಕೊರೆದ ಬಾಗಿಲಿಗೆ ತೊಲೆಯೊಳಗೆ ಎಷ್ಟು ಕಂಬಿಯಿದೆಯೆಂಬುದನ್ನು ಹಳೆಯ ನಕ್ಷೆ ನೋಡಿ ತಿಳಿಯಬೇಕು. ನಮ್ಮ ಬೀದಿಯ ಮನೆಗಳಲ್ಲಿ ಎಷ್ಟಕ್ಕೆ ನಕ್ಷೆಯಿದೆಯೆಂದು ಒಮ್ಮೆ ವಿಚಾರಿಸಿದೆ. ಇಬ್ಬರು ಹುಡುಕಿ ಹೇಳುತ್ತೇವೆಂದರು. ಉಳಿದವರು ಮೇಸ್ತ್ರಿಯ ಹೆಸರು ಹೇಳಿದರು.